ಸ್ವತಂತ್ರ ಭಾರತದ ಮೊದಲ ನಾಣ್ಯಗಳು: ಚಲಾವಣೆಯವೂ ಮಾದರಿಯವೂ

ತುಳುನಾಡಿನ ನಾಣ್ಯಗಳೆಂದೊಡನೆ ಜೋಡಿಮೀನಿನ ಲಾಂಛನವುಳ್ಳ ಆಳುಪರ ಚಿನ್ನದ ನಾಣ್ಯಗಳು ವಿದ್ವಾಂಸರ ನೆನಪಿಗೆ ಬರುವುದು ಸಹಜ. ನಿನ್ನೆಮೊನ್ನೆಯ ಆಣೆಕಾಸುಗಳಿಗೆ ಆ ಗೌರವವು ಇನ್ನೂ ಲಭಿಸಿಲ್ಲ. ಆದರೆ ರಾಜ್ಯಾಧಿಕಾರದ ಪರಿವರ್ತನೆಯು ಲೋಹದ ಮೇಲೆ ಹೇಗೆ ಮೂಡುವುದೆಂಬುದನ್ನು ತಿಳಿಯಲು 1947ರಿಂದ 1957ರವರೆಗಿನ ನಾಣ್ಯಗಳು ಉತ್ತಮವಾದ ಸಾಮಗ್ರಿಯಾಗಿವೆ.

1947ರ ಆಗಸ್ಟ್ 15ರಂದು ದೇಶವು ಸ್ವತಂತ್ರವಾದರೂ ಆರನೆಯ ಜಾರ್ಜ್ ದೊರೆಯ ಮುಖಮುದ್ರೆಯ ನಾಣ್ಯಗಳೇ ಮೂರು ವರ್ಷಗಳ ಕಾಲ ನಡೆದುವು. 1950ರ ಆಗಸ್ಟ್ 15ರಂದು ಹೊಸ ಶ್ರೇಣಿಯು ಹೊರಬಂದಿತು. ದೊರೆಯ ಮುಖವಿದ್ದೆಡೆಯಲ್ಲಿ ಸಾರನಾಥದ ಸಿಂಹಶೀರ್ಷವೂ, ರೂಪಾಯಿಯ ಹಿಂಬದಿಯಲ್ಲಿ ಹುಲಿಯಿದ್ದೆಡೆಯಲ್ಲಿ ಧಾನ್ಯದ ತೆನೆಗಳೂ ಬಂದುವು. ಅರ್ಧಾಣೆ, ಒಂದಾಣೆ, ಎರಡಾಣೆಗಳ ಮೇಲೆ ವೃಷಭವನ್ನೂ ಕಂಚಿನ ಪೈಸೆಯ ಮೇಲೆ ಕುದುರೆಯನ್ನೂ ಮುದ್ರಿಸಿದರು. ಇವೆರಡೂ ಆ ಸಿಂಹಶೀರ್ಷದ ಪೀಠದಲ್ಲಿ ಕೆತ್ತಿರುವ ಪ್ರಾಣಿಗಳೇ. ಆದರೆ ಎರಡಾಣೆಯ ಚೌಕವೂ ಒಂದಾಣೆಯ ಅಲೆಯಂಚೂ ಹಿಂದಿನಂತೆಯೇ ಉಳಿದುವು. ಕಣ್ಣಿಗೆ ಕಾಣುವ ಮುದ್ರೆಯು ಬದಲಾಯಿತು. ಕೈಗೆ ತಿಳಿಯುವ ಆಕಾರವು ಬದಲಾಗಲಿಲ್ಲ.

ಚಲಾವಣೆಗೆ ಬಿಡುವ ಮೊದಲು ಟಂಕಸಾಲೆಯಲ್ಲಿ ಕೆಲವು ನಾಣ್ಯಗಳನ್ನು ಪರೀಕ್ಷಾರ್ಥವಾಗಿ ಅಚ್ಚೊತ್ತುವುದುಂಟು. ಚಿತ್ರದ ಒಪ್ಪಿಗೆಗಾಗಿ ಸಿದ್ಧಪಡಿಸಿದುದು ಮಾದರಿ. ಅಚ್ಚು ಮತ್ತು ಲೋಹಗಳ ಗುಣವನ್ನು ನೋಡಲು ಒತ್ತಿದುದು ಪರೀಕ್ಷಾಮುದ್ರೆ. ನಯಗೊಳಿಸಿದ ಅಚ್ಚಿನಿಂದ ಒತ್ತಿದ ‘ಪ್ರೂಫ್’ ಎಂಬುದು ಇವೆರಡಕ್ಕಿಂತ ಬೇರೆ. ಅದು ಅಂಗೀಕೃತ ನಾಣ್ಯದ್ದೇ ಉತ್ತಮ ಪ್ರತಿ. ಮಾದರಿಯನ್ನು ಕವಿಯ ಕರಡಿಗೆ ಹೋಲಿಸಬಹುದು. ಸ್ವೀಕೃತವಾದ ಪಾಠವನ್ನು ಮುಂದಿರಿಸಿಕೊಳ್ಳದೆ ಕರಡಿನ ಅರ್ಥವು ತಿಳಿಯದು. ಹಾಗೆಯೇ ಸವೆದ ನಾಣ್ಯವಿಲ್ಲದೆ ಮಾದರಿಯು ಮೂಕವಾಗಿಯೇ ಉಳಿಯುವುದು. ಚಲಾವಣೆಯ ಪ್ರತಿಗಳಲ್ಲಿಯೂ ಟಂಕಸಾಲೆಯ ಗುರುತನ್ನು ನೋಡಬೇಕು. ವಜ್ರಾಕೃತಿಯು ಮುಂಬಯಿಯದು, ನಕ್ಷತ್ರವು ಹೈದರಾಬಾದಿನದು, ಕಲ್ಕತ್ತೆಯದಕ್ಕೆ ಗುರುತಿಲ್ಲ.

ನಂದಿಕೂರು, ಪಡುಬಿದ್ರೆ, ಕಾಪು ಮೊದಲಾದ ಊರುಗಳ ಪಾಲಿಗೆ ಈ ದಶಕವು ಇಮ್ಮಡಿ ಪರಿವರ್ತನೆಯ ಕಾಲ. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡವು ಮದರಾಸಿನಿಂದ ಮೈಸೂರು ರಾಜ್ಯಕ್ಕೆ ಸೇರಿತು. ಐದು ತಿಂಗಳು ಕಳೆದು, 1957ರ ಏಪ್ರಿಲ್ 1ರಂದು, ಹದಿನಾರಾಣೆಯ ರೂಪಾಯಿಯು ನೂರು ನಯಾ ಪೈಸೆಗಳದಾಯಿತು. ಒಂದಾಣೆಗೆ ಆರೂಕಾಲು ಪೈಸೆಯಾದುದರಿಂದ ಚಿಲ್ಲರೆಯ ಲೆಕ್ಕವು ಸರಿಹೊಂದುತ್ತಿರಲಿಲ್ಲ. ನಾಲ್ಕಾಣೆಗೆ ಇಪ್ಪತ್ತೈದು, ಎಂಟಾಣೆಗೆ ಐವತ್ತು ಎಂಬಿವು ಮಾತ್ರ ನಿಶ್ಶೇಷವಾಗಿ ಕೂಡಿಬಂದುವು. ಆ ಎರಡು ಹೆಸರುಗಳು ಹೊಸ ನಾಣ್ಯಗಳಿಗೂ ಅಂಟಿಕೊಂಡು ಬಾಳಿದುದಕ್ಕೆ ಇದೇ ಕಾರಣವೆನ್ನಬಹುದು. ‘ಹದಿನಾರಾಣೆ ಸತ್ಯ’ ಎಂಬ ನುಡಿಯಂತೂ ಆಣೆಯು ಅಳಿದ ಮೇಲೆಯೂ ಉಳಿದಿದೆ. 1906ರಲ್ಲಿ ಉಡುಪಿಯಲ್ಲಿ ಹುಟ್ಟಿದ ಕಾರ್ಪೊರೇಶನ್ ಬ್ಯಾಂಕಿನ ಮೊದಲ ದಿನದ ಮೊತ್ತವು 38 ರೂಪಾಯಿ 13 ಆಣೆ 2 ಪೈ. ರೂಪಾಯಿಗೆ 192 ಪೈ ಎಂಬುದನ್ನು ಅರಿಯದವನಿಗೆ ಇಂಥ ಲೆಕ್ಕದ ಪುಸ್ತಕಗಳೂ ಆ ಕಾಲದ ಕಥೆಗಳೂ ಪೂರ್ಣವಾಗಿ ಅರ್ಥವಾಗವು.

ಮಾದರಿಗಳು ವಿರಳವಾದುದರಿಂದ ಅವಕ್ಕೆ ಬೆಲೆಯುಂಟು. ಬೆಲೆಯಿರುವಲ್ಲಿ ಕೃತಕಗಳೂ ಹುಟ್ಟುವುವು. ತೂಕ, ಲೋಹ, ಅಂಚುಗಳನ್ನು ಪರೀಕ್ಷಿಸದೆ ಅವನ್ನು ಪ್ರಮಾಣವಾಗಿ ಸ್ವೀಕರಿಸಲಾಗದು. ಬಳಕೆಯ ನಾಣ್ಯಗಳಿಗೆ ಒದಗಿರುವ ವಿಪತ್ತು ಬೇರೆ ಬಗೆಯದು. ಅಗ್ಗವೆಂಬ ಕಾರಣದಿಂದ ಅವು ಗುಜರಿಗೆ ಸೇರುತ್ತವೆ, ಇಲ್ಲವೆ ಹುಣಿಸೆಹಣ್ಣಿನ ತಿಕ್ಕಾಟದಲ್ಲಿ ಮೇಲ್ಮೈಯನ್ನು ಕಳೆದುಕೊಳ್ಳುತ್ತವೆ. ಆದುದರಿಂದ ಮನೆಯ ಪೆಟ್ಟಿಗೆಯಲ್ಲಿ ದೊರೆತ ಒಂದಾಣೆಯನ್ನು ಬೆಳಗದೆ, ದೊರೆತ ಸ್ಥಳವನ್ನೂ ಇಸವಿಯನ್ನೂ ಗುರುತನ್ನೂ ಬರೆದಿಡುವುದು ಸಂಗ್ರಾಹಕನ ಮೊದಲ ಕರ್ತವ್ಯ. ಸರ್ಕಾರವು ಏನನ್ನು ಆಲೋಚಿಸಿತೆಂಬುದನ್ನು ಮಾದರಿಯು ತಿಳಿಸುವುದು. ಜನರು ಏನನ್ನು ಬಳಸಿದರೆಂಬುದನ್ನು ಹೇಳಬಲ್ಲುದು ಆ ಸವೆದ ಒಂದಾಣೆಯೇ.