ಹಳೆಯ ಯಂತ್ರಗಳ ರಫ್ತು: ಪಾಲಿಸಬೇಕಾದ ನಿಯಮಗಳು

ಬಳಸಿದ ಬ್ಯಾಟರಿಗಳನ್ನು ಒಡೆದು ಸೀಸವನ್ನು ಬೇರ್ಪಡಿಸುವ ಯಂತ್ರವನ್ನು ಹೊರದೇಶಕ್ಕೆ ಕಳುಹಿಸುವ ಮುನ್ನ ಸಂಪೂರ್ಣವಾಗಿ ಶುಚಿಗೊಳಿಸಬೇಕು. ಒಳಗೆ ಉಳಿದ ಆಮ್ಲವು ಲೋಹವನ್ನು ಕೊರೆಯುತ್ತದೆ. ಸೀಸದ ಧೂಳು ಕಂಟೈನರ್ ತೆರೆಯುವ ಕಾರ್ಮಿಕನ ಶ್ವಾಸಕೋಶವನ್ನು ಸೇರುತ್ತದೆ. ಇಂತಹ ಶೇಷವು ಅಪಾಯಕಾರಿ ತ್ಯಾಜ್ಯವೆನಿಸುತ್ತದೆ.

1989ರಲ್ಲಿ ಅಂಗೀಕೃತವಾದ ಬಾಸೆಲ್ ಒಪ್ಪಂದವನ್ನು ಭಾರತವು 1992ರಲ್ಲಿ ಸ್ಥಿರೀಕರಿಸಿತು. ಅದರನ್ವಯ, ಆಮದು ಮಾಡಿಕೊಳ್ಳುವ ದೇಶದ ಲಿಖಿತ ಸಮ್ಮತಿ ದೊರೆಯುವವರೆಗೆ ಅಪಾಯಕಾರಿ ತ್ಯಾಜ್ಯವನ್ನು ಸಾಗಿಸುವಂತಿಲ್ಲ. 2016ರ ನಿಯಮಗಳ ಮೇರೆಗೆ ಕೇಂದ್ರ ಪರಿಸರ ಸಚಿವಾಲಯದ ಅನುಮತಿಯೂ ಅವಶ್ಯ.

1962ರ ಸೀಮಾಸುಂಕ ಕಾಯಿದೆಯಂತೆ ರಫ್ತುದಾರನು ಷಿಪ್ಪಿಂಗ್ ಬಿಲ್ ಸಲ್ಲಿಸಿ, ಅದರ ವಿವರಗಳು ಸತ್ಯವೆಂದು ಘೋಷಿಸಬೇಕು. ಕಸ್ಟಮ್ಸ್ ಅಧಿಕಾರಿಯ ಅಪ್ಪಣೆಯಾದ ಬಳಿಕವೇ ಸರಕನ್ನು ಹಡಗಿಗೆ ಏರಿಸಬಹುದು. ಮುಚ್ಚಿಟ್ಟ ಮಾಹಿತಿಯ ಪರಿಣಾಮವನ್ನು ಅನುಭವಿಸುವವನು ದೂರದ ಬಂದರಿನ ಅಮಾಯಕ ಕಾರ್ಮಿಕ. ಆದುದರಿಂದ ಪ್ರಾಮಾಣಿಕ ಘೋಷಣೆಯು ರಫ್ತುದಾರನ ಪ್ರಥಮ ಕರ್ತವ್ಯವಾಗಿದೆ.