ಶೆಲ್ ಪರೀಕ್ಷಾ ಸ್ಕ್ರಿಪ್ಟ್‌ಗಳಲ್ಲಿ ಲೈಬ್ರರಿ ಆವೃತ್ತಿಯ ಪರಿಶೀಲನೆ

ಲೈಬ್ರರಿ ಆವೃತ್ತಿಯ ಪರಿಶೀಲನೆ ಎಂದರೆ, ಒಂದು ತಂತ್ರಾಂಶವು ಅವಲಂಬಿಸಿರುವ ಲೈಬ್ರರಿಯ ಯಾವ ಆವೃತ್ತಿ ಗಣಕದಲ್ಲಿದೆ ಎಂಬುದನ್ನು ಪರೀಕ್ಷೆಗೆ ಮೊದಲೇ ತಿಳಿದು, ಅಗತ್ಯವಿರುವ ಕನಿಷ್ಠ ಆವೃತ್ತಿಯೊಂದಿಗೆ ಹೋಲಿಸುವ ಕ್ರಿಯೆ. ಯುನಿಕ್ಸ್ ಮಾದರಿಯ ವ್ಯವಸ್ಥೆಗಳಲ್ಲಿ ಈ ಕೆಲಸವನ್ನು ಸಾಮಾನ್ಯವಾಗಿ ಶೆಲ್ ಸ್ಕ್ರಿಪ್ಟ್ ಮಾಡುತ್ತದೆ. ಅದೇ ಸ್ಕ್ರಿಪ್ಟ್ ಲಿನಕ್ಸ್, ಬಿಎಸ್‌ಡಿ ಮತ್ತು ಮ್ಯಾಕ್‌ಓಎಸ್‌ಗಳಲ್ಲಿ ಬದಲಾವಣೆಯಿಲ್ಲದೆ ನಡೆಯುವಂತಿದ್ದರೆ ಅದನ್ನು ಪೋರ್ಟಬಲ್ ಎನ್ನುತ್ತಾರೆ.

ಉದ್ದೇಶ

ಹಳೆಯ ಲೈಬ್ರರಿಯಲ್ಲಿ ಇಲ್ಲದ ಸೌಲಭ್ಯವನ್ನು ಪರೀಕ್ಷಿಸಿದರೆ ಪರೀಕ್ಷೆ ವಿಫಲವಾಗುತ್ತದೆ. ಆದರೆ ಅದು ತಂತ್ರಾಂಶದ ದೋಷವಲ್ಲ. ಇಂತಹ ಸಂದರ್ಭದಲ್ಲಿ ಪರೀಕ್ಷೆಯನ್ನು ಕೈಬಿಡುವುದು ರೂಢಿ. ಗ್ನೂ ಆಟೋಮೇಕ್ ವ್ಯವಸ್ಥೆಯಲ್ಲಿ ಸ್ಕ್ರಿಪ್ಟ್‌ನ ನಿರ್ಗಮನ ಸಂಖ್ಯೆ 0 ಆದರೆ ಯಶಸ್ಸು, 77 ಆದರೆ ಪರೀಕ್ಷೆಯನ್ನು ಕೈಬಿಡಲಾಗಿದೆ, 99 ಆದರೆ ಪರೀಕ್ಷೆಯ ವ್ಯವಸ್ಥೆಯಲ್ಲೇ ತೊಂದರೆಯಿದೆ ಎಂದರ್ಥ. ಹೋಲಿಕೆ ತಪ್ಪಾದರೆ ನಡೆಯಬೇಕಾದ ಪರೀಕ್ಷೆಯೂ ಸದ್ದಿಲ್ಲದೆ ಕೈಬಿಟ್ಟುಹೋಗುತ್ತದೆ. ವರದಿಯಲ್ಲಿ ವೈಫಲ್ಯ ಕಾಣದಿರುವುದರಿಂದ ಈ ತಪ್ಪು ಬಹುಕಾಲ ಗಮನಕ್ಕೆ ಬಾರದಿರಬಹುದು.

ಹೋಲಿಕೆಯ ತೊಡಕುಗಳು

ಆವೃತ್ತಿ ಸಂಖ್ಯೆಯು ದಶಮಾಂಶ ಸಂಖ್ಯೆಯಲ್ಲ. ಚುಕ್ಕಿಗಳಿಂದ ಬೇರ್ಪಟ್ಟ ಪೂರ್ಣಾಂಕಗಳ ಸಾಲು. ಗ್ನೂ ಸಿ ಲೈಬ್ರರಿಯ 2.9 ಆವೃತ್ತಿ 2008ರಲ್ಲಿ, 2.10 ಆವೃತ್ತಿ 2009ರಲ್ಲಿ ಹೊರಬಂದವು. ಅಕ್ಷರಕ್ರಮದಲ್ಲಿ ಹೋಲಿಸಿದರೆ 1 ಎಂಬ ಅಂಕಿ 9ಕ್ಕಿಂತ ಮೊದಲು ಬರುವುದರಿಂದ 2.10 ಹಳೆಯದೆಂದು ತೋರುತ್ತದೆ. ದಶಮಾಂಶವಾಗಿ ಓದಿದರೂ ಫಲಿತಾಂಶ ಅದೇ. ಶೆಲ್‌ನ ‘ಟೆಸ್ಟ್’ ಆದೇಶದ ಸಂಖ್ಯಾ ಹೋಲಿಕೆಯಾದರೋ ಪೂರ್ಣಾಂಕಗಳನ್ನು ಮಾತ್ರ ಸ್ವೀಕರಿಸುತ್ತದೆ.

ಶೆಲ್‌ಗಳ ನಡುವಿನ ವ್ಯತ್ಯಾಸ ಎರಡನೆಯ ತೊಡಕು. ಬ್ಯಾಶ್ ಶೆಲ್‌ನಲ್ಲಿರುವ ಸರಣಿಗಳು ಮತ್ತು ಜೋಡಿ ಚೌಕಾವರಣಗಳು ಪೋಸಿಕ್ಸ್ ಮಾನಕದ ಶೆಲ್ ಭಾಷೆಯ ಭಾಗವಲ್ಲ. ಉಬುಂಟು 2006ರಲ್ಲಿ, ಡೆಬಿಯನ್ 2011ರಲ್ಲಿ ಪೂರ್ವನಿಯೋಜಿತ ‘ಎಸ್‌ಎಚ್’ ಆಗಿ ಡ್ಯಾಶ್ ಶೆಲ್ಲನ್ನು ಅಳವಡಿಸಿಕೊಂಡ ಮೇಲೆ, ಬ್ಯಾಶ್‌ನ ವಿಶೇಷತೆಗಳನ್ನು ನೆಚ್ಚಿದ್ದ ಅನೇಕ ಸ್ಕ್ರಿಪ್ಟ್‌ಗಳು ಮುರಿದುಬಿದ್ದವು. ಗ್ನೂ ‘ಸಾರ್ಟ್’ ಆದೇಶದ ‘-ವಿ’ ಆಯ್ಕೆ ಆವೃತ್ತಿಗಳನ್ನು ಸರಿಯಾಗಿ ಕ್ರಮಗೊಳಿಸುತ್ತದೆಯಾದರೂ ಅದು ಕೂಡ ಮಾನಕದಲ್ಲಿಲ್ಲ.

ಆವೃತ್ತಿಯನ್ನು ತಿಳಿಯುವ ಬಗೆ

ಲೈಬ್ರರಿಯ ಜೊತೆಗೆ ‘ಪಿಕೆಜಿ-ಕಾನ್ಫಿಗ್’ ಮಾಹಿತಿ ಕಡತವಿದ್ದರೆ ಕೆಲಸ ಸುಲಭ. ಆ ಉಪಕರಣವು ಆವೃತ್ತಿಯನ್ನು ಮುದ್ರಿಸುವುದಲ್ಲದೆ, ‘ಅಟ್‌ಲೀಸ್ಟ್-ವರ್ಷನ್’ ಆಯ್ಕೆಯ ಮೂಲಕ ಹೋಲಿಕೆಯನ್ನೂ ತಾನೇ ಮಾಡಿ ಫಲಿತಾಂಶವನ್ನು ನಿರ್ಗಮನ ಸಂಖ್ಯೆಯಲ್ಲಿ ತಿಳಿಸುತ್ತದೆ. ಆದರೆ ಅದು ಹೇಳುವುದು ಸಂಕಲನಕ್ಕಾಗಿ ಸ್ಥಾಪಿಸಿದ ಕಡತಗಳ ಆವೃತ್ತಿಯನ್ನು. ತಂತ್ರಾಂಶ ನಡೆಯುವಾಗ ಬಳಕೆಯಾಗುವ ಲೈಬ್ರರಿ ಬೇರೆಯದಾಗಿರಬಹುದು. ಈ ಕಾರಣದಿಂದಲೇ ಝಡ್‌ಲಿಬ್‌ನಂತಹ ಲೈಬ್ರರಿಗಳು ಶೀರ್ಷಿಕೆ ಕಡತದಲ್ಲಿ ಒಂದು ಆವೃತ್ತಿಯನ್ನು ನಮೂದಿಸುವುದರ ಜೊತೆಗೆ, ಚಾಲನೆಯಲ್ಲಿರುವ ಆವೃತ್ತಿಯನ್ನು ತಿಳಿಸುವ ಪ್ರತ್ಯೇಕ ಫಂಕ್ಷನ್ನನ್ನೂ ಒದಗಿಸುತ್ತವೆ.

ಪೋರ್ಟಬಲ್ ಹೋಲಿಕೆಯ ಕ್ರಮ

ಪೋಸಿಕ್ಸ್ ಸೌಲಭ್ಯಗಳಿಂದಷ್ಟೇ ಹೋಲಿಕೆಯನ್ನು ಹೀಗೆ ಮಾಡಬಹುದು:

1. ಆವೃತ್ತಿಯ ಕೊನೆಯಲ್ಲಿರುವ ‘-ಆರ್‌ಸಿ1’ ಮುಂತಾದ ಪ್ರತ್ಯಯಗಳನ್ನು ಬೇರ್ಪಡಿಸಬೇಕು. ಪೂರ್ವ ಬಿಡುಗಡೆಯು ಅಂತಿಮ ಬಿಡುಗಡೆಗಿಂತ ಹಳೆಯದು ಎಂಬುದನ್ನು ಪ್ರತ್ಯೇಕವಾಗಿ ಗಮನಿಸಬೇಕು.
2. ಶೆಲ್‌ನ ನಿಯತಾಂಕ ವಿಸ್ತರಣೆಯಿಂದ ಮೊದಲ ಚುಕ್ಕಿಯ ಹಿಂದಿನ ಭಾಗವನ್ನು ಎರಡೂ ಆವೃತ್ತಿಗಳಿಂದ ತೆಗೆದುಕೊಳ್ಳಬೇಕು.
3. ಆ ಭಾಗಗಳನ್ನು ಪೂರ್ಣಾಂಕಗಳಾಗಿ ಹೋಲಿಸಬೇಕು. ಹೆಚ್ಚು ಕಡಿಮೆ ಇದ್ದರೆ ಉತ್ತರ ಅಲ್ಲಿಗೇ ದೊರೆಯಿತು.
4. ಸಮನಾಗಿದ್ದರೆ ಮುಂದಿನ ಭಾಗಕ್ಕೆ ಸಾಗಬೇಕು. ಒಂದರಲ್ಲಿ ಭಾಗಗಳು ಮುಗಿದಿದ್ದರೆ ಆ ಸ್ಥಾನದಲ್ಲಿ 0 ಎಂದು ಭಾವಿಸಬೇಕು, ಹೀಗೆ 1.2 ಮತ್ತು 1.2.0 ಸಮವಾಗುತ್ತವೆ.

ಸೊನ್ನೆಯಿಂದ ಆರಂಭವಾಗುವ ಭಾಗಗಳಲ್ಲಿ ಎಚ್ಚರ ಅಗತ್ಯ. ಶೆಲ್‌ನ ಅಂಕಗಣಿತ ವಿಸ್ತರಣೆಯಲ್ಲಿ ಅವು ಅಷ್ಟಮಾನ ಸಂಖ್ಯೆಗಳೆನಿಸುವುದರಿಂದ, 2023.08 ಎಂಬ ಆವೃತ್ತಿಯ 08 ದೋಷವನ್ನು ಉಂಟುಮಾಡಬಲ್ಲದು. ಮುಂದಿನ ಸೊನ್ನೆಗಳನ್ನು ಮೊದಲೇ ತೆಗೆಯುವುದು ಪರಿಹಾರ. ಆವೃತ್ತಿ ದೊರೆಯದಿದ್ದಾಗ ಅದನ್ನು 0 ಎಂದು ಭಾವಿಸದೆ, ಪ್ರತ್ಯೇಕ ದೋಷವೆಂದು ವರದಿ ಮಾಡಬೇಕು.

ಆವೃತ್ತಿ ಸಂಖ್ಯೆಯ ಮಿತಿ

ಸರಿಯಾದ ಹೋಲಿಕೆಯೂ ಎಲ್ಲ ಸಂದರ್ಭಗಳಲ್ಲಿ ಸಾಲದು. ಓಪನ್‌ಎಸ್‌ಎಸ್‌ಎಲ್ ಲೈಬ್ರರಿಯ ‘ಹಾರ್ಟ್‌ಬ್ಲೀಡ್’ ದೋಷ ಇದಕ್ಕೆ ಪ್ರಸಿದ್ಧ ನಿದರ್ಶನ. 1.0.1ರಿಂದ 1.0.1ಎಫ್‌ವರೆಗಿನ ಆವೃತ್ತಿಗಳಲ್ಲಿದ್ದ ಈ ದೋಷವನ್ನು 2014ರ ಏಪ್ರಿಲ್ 7ರಂದು ಬಿಡುಗಡೆಯಾದ 1.0.1ಜಿ ಆವೃತ್ತಿ ಸರಿಪಡಿಸಿತು. ಇಲ್ಲಿ ಸುರಕ್ಷತೆಯನ್ನು ನಿರ್ಧರಿಸುವುದು ಕೊನೆಯ ಅಕ್ಷರವಾದ್ದರಿಂದ, ಅಂಕಿಗಳನ್ನಷ್ಟೇ ಹೋಲಿಸುವ ಸ್ಕ್ರಿಪ್ಟ್ ಎರಡನ್ನೂ ಒಂದೆಂದೇ ಎಣಿಸುತ್ತದೆ. ಇನ್ನೊಂದೆಡೆ, ಡೆಬಿಯನ್ ಮತ್ತು ರೆಡ್ ಹ್ಯಾಟ್ ವಿತರಣೆಗಳು 1.0.1ಇ ಆವೃತ್ತಿಯ ಹೆಸರನ್ನು ಉಳಿಸಿಕೊಂಡೇ ಪರಿಹಾರವನ್ನು ಅದಕ್ಕೆ ಅಳವಡಿಸಿದವು. ಅಕ್ಷರವನ್ನು ಹೋಲಿಸಿದವರಿಗೆ ಸುರಕ್ಷಿತ ಲೈಬ್ರರಿಯೂ ದೋಷಪೂರಿತವಾಗಿ ಕಂಡಿತು. 2014ರಲ್ಲೇ ಓಪನ್‌ಬಿಎಸ್‌ಡಿ ಯೋಜನೆ ಓಪನ್‌ಎಸ್‌ಎಸ್‌ಎಲ್‌ನಿಂದ ಕವಲೊಡೆಸಿದ ಲಿಬ್ರೆಎಸ್‌ಎಸ್‌ಎಲ್, ತನ್ನ ಶೀರ್ಷಿಕೆ ಕಡತದಲ್ಲಿ ಓಪನ್‌ಎಸ್‌ಎಸ್‌ಎಲ್ ಆವೃತ್ತಿಯನ್ನು 2.0 ಎಂದು ಸ್ಥಿರವಾಗಿ ನಮೂದಿಸುತ್ತದೆ. ಹಾಗಾಗಿ 1.1ಕ್ಕಿಂತ ಹೊಸದೇ ಎಂಬ ಪ್ರಶ್ನೆಗೆ ದೊರೆಯುವ ಹೌದು ಎಂಬ ಉತ್ತರವು 1.1ರ ಸೌಲಭ್ಯಗಳೆಲ್ಲ ಅದರಲ್ಲಿವೆ ಎಂಬುದಕ್ಕೆ ಆಧಾರವಾಗದು.

ಈ ಕಾರಣಗಳಿಂದ, ಸಾಧ್ಯವಿದ್ದಲ್ಲಿ ಸೌಲಭ್ಯವನ್ನೇ ನೇರವಾಗಿ ಪರೀಕ್ಷಿಸುವುದು ಹೆಚ್ಚು ವಿಶ್ವಾಸಾರ್ಹ. ಬೇಕಾದ ಫಂಕ್ಷನ್ನನ್ನು ಬಳಸುವ ಚಿಕ್ಕ ಕ್ರಮವಿಧಿಯನ್ನು ಸಂಕಲಿಸಿ ನೋಡುವ ಈ ಪದ್ಧತಿಯನ್ನು, 1991ರಲ್ಲಿ ಡೇವಿಡ್ ಮೆಕೆಂಜಿ ಆರಂಭಿಸಿದ ಆಟೋಕಾನ್ಫ್ ಉಪಕರಣ ವ್ಯಾಪಕವಾಗಿ ಬಳಕೆಗೆ ತಂದಿತು. ಒಂದು ಆವೃತ್ತಿಯಲ್ಲಿ ವರ್ತನೆ ಬದಲಾಗಿದ್ದು, ಆ ಬದಲಾವಣೆಯನ್ನು ಅಗ್ಗವಾಗಿ ಗುರುತಿಸುವ ಬೇರೆ ಮಾರ್ಗವಿಲ್ಲದಿದ್ದಾಗ ಆವೃತ್ತಿ ಹೋಲಿಕೆ ಉಪಯುಕ್ತ.