ಹೊಲ ‘ಕೆಟ್ಟಿತು’ ಎಂದರೆ ಸಾಲದು

‘ಸುಧಾರಣೆ’ ಎಂಬ ಶಬ್ದ ನಮ್ಮ ಹಳ್ಳಿಗಳಿಗೆ ಹೊಸದಲ್ಲ. ಸುಧಾರಿಸಿದ ಬೀಜ, ಸುಧಾರಿಸಿದ ಬೇಸಾಯ ಎಂದು ಕೇಳುತ್ತಲೇ ಇರುತ್ತೇವೆ. ಅದಕ್ಕೆ ವಿರುದ್ಧವಾದುದನ್ನು ಮಾತ್ರ ‘ಹೊಲ ಕೆಟ್ಟಿತು’ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತೇವೆ. ನಮ್ಮ ಹಿರಿಯರು ಹಾಗೆ ಮಾಡಲಿಲ್ಲ. ಭೂಮಿ ಕೆಡುವ ಒಂದೊಂದು ಬಗೆಗೂ ಒಂದೊಂದು ಹೆಸರಿಟ್ಟರು. ಹೆಸರು ತಪ್ಪಿದರೆ ಮದ್ದೂ ತಪ್ಪುತ್ತದೆ.

ಕೊಚ್ಚಣೆ: ಇಳಿಜಾರಿನ ಹೊಲದಲ್ಲಿ ಮಳೆಯ ನೀರು ಮೇಲ್ಮಣ್ಣನ್ನು ಹೊತ್ತೊಯ್ಯುತ್ತದೆ. ಇಳಿಜಾರಿಗೆ ಅಡ್ಡವಾಗಿ ಉಳುವುದು, ಬಿತ್ತುವುದು, ಒಡ್ಡು ಹಾಕುವುದು ಇದಕ್ಕೆ ಉಪಾಯ.

ನಿಸ್ಸಾರ: ವರ್ಷ ವರ್ಷ ಒಂದೇ ಪೀಕು ತೆಗೆದು, ಗೊಬ್ಬರ ಕೊಡದೆ ಇದ್ದರೆ ಮಣ್ಣು ಸಾರಗೆಡುತ್ತದೆ. ತಿಪ್ಪೆಗೊಬ್ಬರ ಹಾಕಬೇಕು, ಜೋಳದ ಹೊಲದಲ್ಲಿ ಸರದಿಯಂತೆ ತೊಗರಿ, ಕಡಲೆ ಬೆಳೆಯಬೇಕು.

ಜವಳು: ಕಾಲುವೆಯ ನೀರು ಮಿತಿಮೀರಿ ಕೊಟ್ಟಾಗ ಒಳನೀರು ಮೇಲೇರಿ ಬೇರು ಉಸಿರುಗಟ್ಟುತ್ತದೆ. ಬಸಿಗಾಲುವೆ ತೆಗೆದು, ಕೊಡುವ ನೀರನ್ನು ಕಡಿಮೆ ಮಾಡಬೇಕು.

ಸವಳು: ನೀರು ಆವಿಯಾಗಿ, ಉಪ್ಪು ಹೊಲದ ಮೇಲೆ ಬೆಳ್ಳಗೆ ಉಳಿಯುತ್ತದೆ. ಮೊದಲು ಬಸಿಗಾಲುವೆ, ಆಮೇಲೆ ಮಡಿ ಕಟ್ಟಿ ಒಳ್ಳೆಯ ನೀರು ನಿಲ್ಲಿಸಿ ಉಪ್ಪನ್ನು ಕೆಳಗಿಳಿಸಬೇಕು.

ಕರ್ಲು: ಕೆಲವು ಕಡೆ ಇದನ್ನೂ ಸವಳೆಂದೇ ಕರೆಯುವರು; ಆದರೆ ಬೇನೆ ಬೇರೆ. ಇಲ್ಲಿ ಸೋಡಿಯಂ ಮಣ್ಣಿನ ಕಣಗಳಿಗೇ ಅಂಟಿಕೊಂಡಿರುತ್ತದೆ. ಮಳೆಯಾದರೆ ನೀರು ಇಂಗದು, ಮಣ್ಣು ಅಂಟಂಟಾಗುತ್ತದೆ; ಒಣಗಿದರೆ ಕಲ್ಲಿನಂತೆ ಬಿಗಿಯುತ್ತದೆ. ಬರಿಯ ನೀರಿನಿಂದ ತೊಳೆದರೆ ಇದು ಹೋಗದು. ಮಣ್ಣು ಪರೀಕ್ಷೆಯ ಪ್ರಕಾರ ಜಿಪ್ಸಂ ಬೆರೆಸಿ, ಡಯಾಂಚದಂಥ ಹಸಿರು ಗೊಬ್ಬರ ಉಳಬೇಕು. ನೀರು ಬಸಿದುಹೋಗುವ ದಾರಿ ಇಲ್ಲಿಯೂ ಬೇಕು. ಆ ದಾರಿಯಿಲ್ಲದ ಜವಳು ಹೊಲಕ್ಕೆ ಜಿಪ್ಸಂ ಸುರಿದರೆ ಹಣವೂ ನೀರಿನ ಪಾಲು.

ಇದು ನಿನ್ನೆ ಮೊನ್ನೆಯ ಪಾಠವಲ್ಲ. ನಮ್ಮ ಭೀಮೆಗೆ ಬಂದು ಸೇರುವ ನೀರಾ ನದಿಯ ಕಣಿವೆಯಲ್ಲಿ ಕಾಲುವೆ ಬಂದ ಮೇಲೆ ಒಳ್ಳೆಯ ಹೊಲಗಳು ಸವಳಾದವು. ಹೆರಾಲ್ಡ್ ಮ್ಯಾನ್ ಮತ್ತು ತಮ್ಹಾಣೆ ಎಂಬ ತಜ್ಞರು 1910ರಲ್ಲಿಯೇ ಅದರ ವಿಷಯವಾಗಿ ಬರೆದರು. ಕಬ್ಬಿಗೆ ನೀರು ಹೆಚ್ಚಿದಷ್ಟೂ ಇಳುವರಿ ಹೆಚ್ಚೆಂಬ ನಂಬಿಕೆ ಮಾತ್ರ ಇನ್ನೂ ಹೋಗಿಲ್ಲ.

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯ ನಮ್ಮ ಒಕ್ಕಲಿಗರಿಗೆ ಇನ್ನೊಂದು ತೊಡಕುಂಟು. ಮನೆಯಲ್ಲಿ ಆಡುವ ಹೆಸರು ಕನ್ನಡ, ಕೃಷಿ ಖಾತೆಯ ಕಾಗದ ಮರಾಠಿ. ಅಲ್ಲಿ ‘ಪಾಣಥಳ’ ಎಂದರೆ ನಮ್ಮ ಜವಳು, ‘ಕ್ಷಾರಯುಕ್ತ’ ಎಂದರೆ ಸವಳು, ‘ಚೋಪಣ’ ಎಂದರೆ ಕರ್ಲು. ಈ ಮೂರು ಜೋಡಿಗಳನ್ನು ನೆನಪಿಡಬೇಕು.

ಈ ಬೇಸಿಗೆಯಲ್ಲಿ ಹೊಲ ಬರಿದಾದಾಗ ಮಣ್ಣು ತೆಗೆದು ಪರೀಕ್ಷೆಗೆ ಕೊಡೋಣ. ಬೇನೆಯ ಹೆಸರು ತಿಳಿದ ಮೇಲೆಯೇ ಮದ್ದಿಗೆ ಹಣ ಬಿಚ್ಚೋಣ.